ಪೇಟೆ ಬೀದಿಗೂ ಒಂದು ಹೊತ್ತು

ಪ್ರವಾಸಕ್ಕೆ ಹೊರಟವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಬೆಳಿಗ್ಗೆ ದೇವಸ್ಥಾನ, ಹತ್ತು ಗಂಟೆಗೆ ಕೋಟೆ, ಊಟವಾದ ಮೇಲೆ ಜಲಪಾತ, ಸಂಜೆಗೆ ‘ಶಾಪಿಂಗ್, ಅರ್ಧ ಗಂಟೆ’. ಆ ಅರ್ಧ ಗಂಟೆ ಕಳೆಯುವುದು ಬಸ್ಸಿನವರು ತಂದು ನಿಲ್ಲಿಸಿದ ಅಂಗಡಿಯಲ್ಲಿ. ಮುಂದೆ ಬಸ್ಸು ತಿರುಗಿಸುವಷ್ಟು ಜಾಗ, ಒಳಗೆ ಏಸಿ, ಗಾಜಿನ ಕಪಾಟಿನಲ್ಲಿ ಆನೆ, ಒಂಟೆ, ತಾಜಮಹಲು. ಬಹಳ ಕಡೆ ಕರೆತಂದವರಿಗೆ ಮಾರಾಟದಲ್ಲಿ ಒಂದು ಪಾಲು ಕಮಿಷನ್ ಸಲ್ಲುತ್ತದೆ, ಅದು ನಾವು ಕೊಡುವ ಬೆಲೆಯೊಳಗೇ ಸೇರಿಕೊಂಡಿರುತ್ತದೆ. ಅಲ್ಲಿ ಒಮ್ಮೆ ಸುತ್ತಲೂ ಕಣ್ಣಾಡಿಸಿ ನೋಡಿ. ಮಾರುವವರನ್ನು ಬಿಟ್ಟರೆ ಆ ಊರಿನವರು ಒಬ್ಬರೂ ಇರುವುದಿಲ್ಲ. ಕೊಳ್ಳುತ್ತಿರುವವರೆಲ್ಲ ನಮ್ಮ ಹಾಗೆ ಬೇರೆ ಊರಿನಿಂದ ಬಂದು ಇನ್ನರ್ಧ ಗಂಟೆಯಲ್ಲಿ ಹೊರಡುವವರು.

ನಾನು ಇವತ್ತು ಹೇಳಬೇಕೆಂದು ಬಂದಿರುವುದು ಇಷ್ಟೇ. ಆ ಊರಿನವರು ತಮ್ಮ ಮನೆಗೆ, ತಮ್ಮ ಮದುವೆಗೆ, ತಮ್ಮ ದೇವರಿಗೆ ಬೇಕಾದ್ದನ್ನು ಎಲ್ಲಿ ಕೊಳ್ಳುತ್ತಾರೋ ಅಲ್ಲಿಗೆ ಹೋಗಿ. ಹತ್ತು ಜನ ಊರವರು ನಿಂತಿರುವ ಸಣ್ಣ ಅಂಗಡಿಯಲ್ಲಿ ಹನ್ನೊಂದನೆಯವರಾಗಿ ನಿಲ್ಲಿ. ಅಲ್ಲಿ ಕಳಪೆ ಸಾಮಾನು ಕೊಟ್ಟರೆ ಅಂಗಡಿಯವನಿಗೆ ಉಳಿಗಾಲವಿಲ್ಲ. ಯಾಕೆಂದರೆ ಕೊಂಡವರು ನಾಳೆ ಬೆಳಿಗ್ಗೆ ಮತ್ತೆ ಅದೇ ಬೀದಿಯಲ್ಲಿ ಬರುತ್ತಾರೆ. ಆ ಊರವರು ಕಾಯ್ದುಕೊಂಡು ಬಂದ ಗುಣಮಟ್ಟ ನಮಗೂ ಸಿಗುತ್ತದೆ, ಬೆಲೆಯೂ ಸಿಗುತ್ತದೆ.

ಮೊದಲಿಗೆ ದಿನಸಿ ಅಂಗಡಿ. ಪ್ರವಾಸಿಗಳು ಅಲ್ಲಿಗೆ ಹೋಗುವುದು ನೀರಿನ ಬಾಟಲಿಗೆ, ಬಿಸ್ಕತ್ತಿಗೆ ಮಾತ್ರ. ಆದರೆ ಒಂದು ಸೀಮೆ ಏನು ಉಣ್ಣುತ್ತದೆ ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಮಂಗಳೂರಿನ ಅಂಗಡಿಯಲ್ಲಿ ಮೂಟೆ ಬಿಚ್ಚಿಟ್ಟ ಕುಚ್ಚಲಕ್ಕಿ, ಕಲಬುರಗಿಯಲ್ಲಿ ಆ ನೆಲದ ಸುಣ್ಣ ಪೊಟ್ಯಾಷ್ ಉಂಡು ಬೆಳೆದ ತೊಗರಿಯ ಬೇಳೆ, ಶಿರಸಿಯಲ್ಲಿ ಡಬ್ಬಿ ತುಂಬಿದ ಜೋನಿಬೆಲ್ಲ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿ, ಮಡಿಕೇರಿಯಲ್ಲಿ ಬಾಟಲಿಗೆ ಹಾಕಿಟ್ಟ ಕಡುಗಪ್ಪು ಕಾಚಂಪುಳಿ. ವಿಜಯಪುರದ ಕಡೆ ಹೋದರೆ ಖಡಕ್ ರೊಟ್ಟಿಯ ಒಟ್ಟಲು, ಪಕ್ಕದಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಗಸಿ ಹಿಂಡಿ. ಮಂಡಕ್ಕಿಯನ್ನು ಇಂದಿಗೂ ಸೇರಿನಲ್ಲಿ ಅಳೆದು ಸುರಿಯುವ ಅಂಗಡಿಗಳಿವೆ. ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಕೇಳಿದರೆ ಸುಮ್ಮನೆ ಕಟ್ಟಿ ಕೊಡುವುದಿಲ್ಲ, ‘ಕಡ್ಡಿಯೋ, ಡಬ್ಬಿಯೋ?’ ಎನ್ನುತ್ತಾರೆ. ಕಡ್ಡಿ ಎಂದರೆ ಉದ್ದಕ್ಕೆ ಸಪೂರವಾಗಿ ಸುಕ್ಕುಗಟ್ಟಿದ್ದು, ಡಬ್ಬಿ ಗಿಡ್ಡಗೆ ಉಬ್ಬಿದ್ದು. ಎರಡಕ್ಕೂ ಖಾರ ಕಡಿಮೆ, ಬಣ್ಣ ಹೆಚ್ಚು. ಈ ಬಣ್ಣಕ್ಕಾಗಿಯೇ ಇದರ ಸತ್ವ ತೆಗೆದು ಲಿಪ್‌ಸ್ಟಿಕ್ಕಿಗೂ ಉಗುರು ಬಣ್ಣಕ್ಕೂ ಬಳಸುತ್ತಾರೆ. ಕಾಲು ಕಿಲೋ ಕಟ್ಟಿಸಿಕೊಂಡು ಬನ್ನಿ, ಒಂದು ತಿಂಗಳು ನಿಮ್ಮ ಮನೆಯ ಸಾರಿಗೆ ಬಣ್ಣದ ಚಿಂತೆ ಇರುವುದಿಲ್ಲ.

ಈಗ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿಗೆ ಬನ್ನಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ ನೋಡಲು ದೇಶದ ಮೂಲೆ ಮೂಲೆಯಿಂದ ಜನ ಬರುತ್ತಾರೆ, ಕೂಡಲಸಂಗಮಕ್ಕೂ ಹೋಗುತ್ತಾರೆ. ಅಲ್ಲಿಂದ ಇಳಕಲ್ಲಿಗೆ ಹೋಗಿ ಒಂದು ಸೀರೆ ಅಂಗಡಿಯಲ್ಲಿ ಒಂದು ತಾಸು ಕೂರುವವರು ಕಡಿಮೆ. ಕೂತರೆ ಏನಾಗುತ್ತದೆ ಎಂದು ಹೇಳುತ್ತೇನೆ.

ನಾನು ಕೂತ ಅಂಗಡಿ ಸಣ್ಣದು. ಬಿಳಿ ಹೊದಿಕೆಯ ಗಾದಿ, ಗೋಡೆಗೆ ಮರದ ಕಪಾಟು. ಚಪ್ಪಲಿ ಹೊರಗೆ ಬಿಟ್ಟು ಹತ್ತಿದ ಕೂಡಲೇ ಯಜಮಾನರು, ‘ಮೊದಲ ಕುಂದರ್ರಿ ಅಕ್ಕಾರ, ನೀರು ಕುಡೀರಿ. ಸೀರಿ ಆಮ್ಯಾಲ ನೋಡೂಣಂತ’ ಅಂದರು. ನೀರು ಕುಡಿದಾದ ಮೇಲೆ ಕೇಳಿದ್ದು ಬೆಲೆಯ ಮಾತಲ್ಲ. ‘ಕೈಮಗ್ಗದ್ದು ಬೇಕೋ, ಪಾವರ್‌ಲೂಮ್ ನಡೀತೈತೋ?’ ಅಂದರು.

‘ಕೈಮಗ್ಗದ್ದ ತೋರಸ್ರಿ ಅಣ್ಣಾರ. ಆದರ ಅದು ಕೈಮಗ್ಗದ್ದ ಅಂತ ನಮಗ ಹೆಂಗ ಗೊತ್ತಾಗಬೇಕು?’

‘ಸೆರಗು ತಿರುವಿ ಹಾಕ್ತೀನಿ. ಕಣ್ಣೀಲೆ ನೋಡಬ್ಯಾಡ್ರಿ, ಬೆರಳೀಲೆ ನೋಡ್ರಿ.’

ಗಿಳಿಹಸಿರು ಮೈಯ ಸೀರೆ. ಸೆರಗು ಕೆಂಪು, ಅದರ ಮೇಲೆ ಬಿಳಿ ಎಳೆಯಲ್ಲಿ ಕೋಟೆಯ ತೆನೆ, ಬಾಚಣಿಗೆಯ ಹಲ್ಲು, ಜೋಳದ ತೆನೆ. ಹಸಿರು ಮುಗಿದು ಕೆಂಪು ಶುರುವಾಗುವ ಕಡೆ ಸೀರೆಯ ಹಿಂಬದಿಯಲ್ಲಿ ಅಡ್ಡಕ್ಕೆ ಬೆರಳು ಎಳೆದೆ. ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಣ್ಣದೊಂದು ಏರು ಬೆರಳಿಗೆ ತಾಗುತ್ತದೆ. ಅದು ಗಂಟಲ್ಲ, ಹೊಲಿಗೆಯೂ ಅಲ್ಲ. ಮೈಯ ಹಾಸಿನ ಎಳೆ ಬೇರೆ, ಸೆರಗಿನ ಹಾಸಿನ ಎಳೆ ಬೇರೆ. ಎರಡನ್ನೂ ಒಂದರೊಳಗೊಂದು ಕೊಂಡಿ ಹಾಕಿ ಕೂಡಿಸಿ ಆಮೇಲೆ ನೇಯುತ್ತಾರೆ. ಇದಕ್ಕೆ ತೋಪುತೆನಿ ಎನ್ನುತ್ತಾರೆ. ಇಳಕಲ್ ಸೀರೆಯ ಗುರುತೇ ಇದು. ಹೀಗೆ ಕೂಡಿಸಬೇಕಾದ್ದರಿಂದ ಹತ್ತು ಸೀರೆಗೆ ಒಂದೇ ಉದ್ದನೆಯ ಹಾಸು ಹೂಡಿ ನೇಯುತ್ತಾ ಹೋಗಲು ಬರುವುದಿಲ್ಲ. ಒಂದೊಂದು ಸೀರೆಗೂ ಬೇರೆ ಹಾಸು ಹೂಡಬೇಕು, ಎಳೆ ಎಳೆಯನ್ನೂ ಕೂಡಿಸಬೇಕು. ನೇಕಾರರು ಮಗ್ಗದ ಮೇಲೆ ಕೂರುವ ಮೊದಲೇ ಅವರ ಮನೆಯ ಹೆಂಗಸರು ಮುಗಿಸಿರುವ ಕೆಲಸ ಎಷ್ಟು ಎಂಬುದು ಆ ಏರಿನ ಮೇಲೆ ಬೆರಳಿಟ್ಟಾಗ ಅರ್ಥವಾಗುತ್ತದೆ.

ಆಮೇಲೆ ದಡಿಯ ಪಾಠ. ಚಿಕ್ಕಿ, ಗೋಮಿ, ಗಾಡಿ ಎಂದು ಒಂದೊಂದಕ್ಕೂ ಹೆಸರಿದೆ. ಯಾವ ದಡಿ ಯಾವ ಬಣ್ಣಕ್ಕೆ ಒಪ್ಪುತ್ತದೆ, ಯಾವ ಊರಿನವರು ಯಾವುದನ್ನು ಕೇಳಿಕೊಂಡು ಬರುತ್ತಾರೆ ಎಂದು ಯಜಮಾನರು ಹೇಳುತ್ತಾ ಹೋದರು. ನಡುವೆ ಒಬ್ಬ ತಾಯಿ ಮಗಳ ಮದುವೆಗೆಂದು ಬಂದು ಕೂತರು. ಅವರು ನನ್ನ ಮಡಿಲಲ್ಲಿದ್ದ ಸೀರೆಯನ್ನೂ ತಿರುವಿ ನೋಡಿ, ‘ಇದಕ್ಕ ಗುಳೇದಗುಡ್ಡದ ಖಣ ತಗೋರಿ, ಬ್ಯಾರೆ ಕುಬಸ ಹೊಂದೂದಿಲ್ಲ’ ಎಂದು ತೀರ್ಮಾನ ಕೊಟ್ಟೇ ಬಿಟ್ಟರು. ಗುಳೇದಗುಡ್ಡ ಇರುವುದು ಬಾದಾಮಿಯ ಪಕ್ಕದಲ್ಲಿ. ಬಾದಾಮಿಯ ಗುಹೆ ನೋಡಿ ಬಂದವರು ಆ ಊರನ್ನು ದಾಟಿಕೊಂಡು ಬಂದಿದ್ದರೂ ಬಂದಿರಬಹುದು, ಖಣ ನೇಯುವ ಊರು ಅದು ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ. ಅಂಗಡಿಯಲ್ಲಿ ಕೂತರೆ ಇಂಥ ಮಾತು ತಾನಾಗಿ ಬರುತ್ತದೆ. ನನಗೆ ಇದು ಗುಹೆಯ ಶಿಲ್ಪ ನೋಡಿದಷ್ಟೇ ದೊಡ್ಡ ಲಾಭ.

ಇನ್ನು ಕೊಲ್ಹಾಪುರ. ಮಹಾಲಕ್ಷ್ಮಿಯ ದರ್ಶನಕ್ಕೆ ನಮ್ಮ ಕಡೆಯಿಂದ ಹೋಗುವವರಿಗೆ ಲೆಕ್ಕವಿಲ್ಲ. ದರ್ಶನ ಮುಗಿಸಿ ಚಪ್ಪಲಿ ಕೊಳ್ಳದೆ ಬರುವವರೂ ಕಡಿಮೆ. ಅಲ್ಲಿ ಚಪ್ಪಲ್ ಲೈನ್ ಎಂದೇ ಕರೆಯುವ ಸಾಲು ಅಂಗಡಿಗಳಿವೆ. ಕನ್ನಡದಲ್ಲೇ ಕೇಳಿ, ಎಷ್ಟೋ ಅಂಗಡಿಗಳಲ್ಲಿ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಅಲ್ಲಿ ತೂಗುಹಾಕಿದ ಜೋಡುಗಳಲ್ಲಿ ಎಷ್ಟೋ ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಯ ಕಡೆಯಿಂದ ಹೋದವು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕಾಗ ಅದು ಎರಡೂ ರಾಜ್ಯಗಳಿಗೆ ಸೇರಿ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೋಲಾಪುರ, ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಈ ಎಂಟು ಜಿಲ್ಲೆಗಳ ಕಸುಬು ಅದು.

ಜೋಡನ್ನು ಕೈಗೆತ್ತಿಕೊಂಡು ಮೊದಲು ಅಡಿಯನ್ನು ನೋಡಿ. ಹಳೆಯ ಪದ್ಧತಿಯ ಜೋಡಿನಲ್ಲಿ ಮೊಳೆ ಇರುವುದಿಲ್ಲ, ಚರ್ಮದ ಎಳೆಯಿಂದಲೇ ಹೊಲಿದಿರುತ್ತಾರೆ. ಚರ್ಮ ಹದ ಮಾಡುವುದು ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ. ಅದಕ್ಕೆ ಅದರದ್ದೇ ಆದ ಒಗರು ವಾಸನೆ ಇರುತ್ತದೆ, ರಾಸಾಯನಿಕದ ಘಾಟು ಇರುವುದಿಲ್ಲ. ಮೇಲಿನ ಹೆಣಿಗೆ, ಸಣ್ಣ ತೂತು ಹೊಡೆದು ಬಿಡಿಸಿದ ಚಿತ್ತಾರ ಹೆಚ್ಚಾಗಿ ಹೆಂಗಸರ ಕೈಕೆಲಸ. ಮೊದಲ ಕೆಲವು ದಿನ ಬಿಗಿ ಎನಿಸುತ್ತದೆ, ಸ್ವಲ್ಪ ಎಣ್ಣೆ ಸವರಿ ಮನೆಯೊಳಗೆ ಹಾಕಿಕೊಂಡು ಓಡಾಡಿದರೆ ನಿಮ್ಮ ಪಾದದ ಅಳತೆಗೆ ಬಗ್ಗುತ್ತದೆ. ಮಳೆಗೆ ಹಾಕಬೇಡಿ. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನವೊಂದರಲ್ಲಿ ಇದೇ ಮಾದರಿಯ ಜೋಡು ಮೆಟ್ಟಿಕೊಂಡು ರೂಪದರ್ಶಿಗಳು ನಡೆದರು. ಕೊಲ್ಹಾಪುರದ ಹೆಸರನ್ನು ಮೊದಲಿಗೆ ಯಾರೂ ಎತ್ತಲಿಲ್ಲ. ಇಲ್ಲಿಂದ ಆಕ್ಷೇಪ ಎದ್ದ ಮೇಲೆ ಪ್ರದರ್ಶನ ನಡೆಸಿದ ಕಂಪನಿ ಮೂಲವನ್ನು ಒಪ್ಪಿಕೊಂಡಿತು. ಆ ಸುದ್ದಿ ಓದಿ ನಮಗೆಲ್ಲ ಸಿಟ್ಟು ಬಂತು, ಬರಬೇಕಾದ್ದೇ. ಆ ಸಿಟ್ಟಿರುವವರು ಅಥಣಿಯ ಕಡೆ ಹೋದಾಗ ಅದನ್ನು ಹೊಲಿಯುವವರ ಬಾಗಿಲಿಗೇ ಹೋಗಿ ಒಂದು ಜೋಡು ಕೊಳ್ಳಬೇಕು ಎಂಬುದು ನನ್ನ ಆಸೆ.

ಬೆಲೆಯ ಮಾತಿಗೆ ಬರೋಣ. ಚೌಕಾಸಿ ಮಾಡಬೇಕೋ ಬೇಡವೋ? ಬಳೆ, ಸರ, ಬ್ಯಾಗು, ರಸ್ತೆ ಬದಿಯ ಬಟ್ಟೆ ಇಂಥ ಕಡೆ ಮಾರುವವರೇ ಚೌಕಾಸಿಗೆ ಜಾಗ ಇಟ್ಟು ಬೆಲೆ ಹೇಳಿರುತ್ತಾರೆ, ನಗುನಗುತ್ತಾ ಕೇಳಿ, ಒಪ್ಪಿದರೆ ಕೊಳ್ಳಿ. ಆದರೆ ಮಾಡಿದವರೇ ಎದುರಿಗೆ ಕೂತು ಮಾರುತ್ತಿರುವಾಗ, ಬುಟ್ಟಿ ಹೆಣೆಯುವವರು, ಗಡಿಗೆ ಮಾಡುವವರು, ನಾಲ್ಕು ಕಟ್ಟು ಸೊಪ್ಪಿಟ್ಟುಕೊಂಡ ಅಜ್ಜಿ, ಅಲ್ಲಿ ಚೌಕಾಸಿ ಬೇಡ. ಮಾಲ್‌ನಲ್ಲಿ ಚೀಟಿ ಅಂಟಿಸಿದ ಬೆಲೆಯನ್ನು ಮರುಮಾತಿಲ್ಲದೆ ಕೊಟ್ಟು, ಸಂತೆಯ ಅಜ್ಜಿಯ ಹತ್ತಿರ ಐದು ರೂಪಾಯಿಗೆ ಹಟ ಹಿಡಿಯುವುದು ಅನ್ಯಾಯ. ಬೆಳಿಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋದರೆ ಏನಾದರೂ ಕೊಳ್ಳುವ ಮನಸ್ಸಿಟ್ಟುಕೊಂಡೇ ಹೋಗಿ. ಬೋಣಿಗೆ ಬಂದವರು ಬೆಲೆ ಕೇಳಿ ಬರಿಗೈಯಲ್ಲಿ ಇಳಿದು ಹೋದರೆ ಅಂಗಡಿಯವರ ಮನಸ್ಸು ಇಡೀ ದಿನ ಅಳುಕುತ್ತದೆ. ಅಪರಿಚಿತ ಊರಿನಲ್ಲಿ ಬೆಲೆಯ ಅಂದಾಜು ಸಿಗದಿದ್ದರೆ ಸರ್ಕಾರದ ಕರಕುಶಲ ಮಳಿಗೆಗೆ ಮೊದಲು ಹೋಗಿ ಬನ್ನಿ. ನಮ್ಮಲ್ಲಿ ಕಾವೇರಿ, ತಮಿಳುನಾಡಿನಲ್ಲಿ ಪೂಂಪುಹಾರ್. ಒಳ್ಳೆಯ ಮಾಲು ಹೇಗಿರುತ್ತದೆ, ಎಷ್ಟಿರುತ್ತದೆ ಎಂದು ಅಲ್ಲಿ ತಿಳಿಯುತ್ತದೆ.

ಪೊಟ್ಟಣದಲ್ಲಿ ಬರುವ ಪದಾರ್ಥದ ಸಂಗತಿ ಬೇರೆ. ಅದರ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಯೂ ಸೇರಿರುತ್ತದೆ. ಕಡಿಮೆಗೆ ಕೊಡಬಹುದು, ಒಂದು ರೂಪಾಯಿ ಹೆಚ್ಚಿಗೆ ಕೇಳುವಂತಿಲ್ಲ. ಬೆಟ್ಟದ ಮೇಲೆ, ದೇವಸ್ಥಾನದ ಮೆಟ್ಟಿಲ ಬಳಿ ‘ಕೂಲಿಂಗ್ ಚಾರ್ಜ್’ ಎಂದು ಕೇಳಿದರೆ ಕೊಡಬೇಕಾಗಿಲ್ಲ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ, ಬರೆದಿಟ್ಟುಕೊಳ್ಳಿ. ಈಗ ಎಲ್ಲ ಕಡೆ ಮೊಬೈಲಿನಲ್ಲೇ ಹಣ ಹೋಗುತ್ತದೆ ನಿಜ, ಆದರೂ ಕೈಯಲ್ಲಿ ಹತ್ತು ಇಪ್ಪತ್ತರ ನೋಟು ಇರಲಿ. ಬೆಟ್ಟದ ಊರುಗಳಲ್ಲಿ ಸಿಗ್ನಲ್ ಇಲ್ಲದೆ ಒದ್ದಾಡುವುದು ತಪ್ಪುತ್ತದೆ, ಚಿಲ್ಲರೆ ಕೊಟ್ಟವರನ್ನು ಕಂಡರೆ ಅಂಗಡಿಯವರಿಗೂ ಸಂತೋಷ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಸಣ್ಣ ಊರುಗಳಲ್ಲಿ ಎಷ್ಟೋ ಅಂಗಡಿ ಬಾಗಿಲು ಹಾಕುತ್ತವೆ. ವಾರದ ರಜೆ ಯಾವತ್ತು ಎಂದು ಉಳಿದುಕೊಂಡ ಕಡೆ ವಿಚಾರಿಸಿಕೊಳ್ಳಿ.

ಮತ್ತೆ ಪೇಟೆ ಬೀದಿಗೆ ಬರೋಣ. ಉಡುಪಿಗೆ ಹೋದರೆ ರಥಬೀದಿಯ ಹೂವಿನವರ ಹತ್ತಿರ ಶಂಕರಪುರ ಮಲ್ಲಿಗೆ ಕೇಳಿ. ಅದು ಮೊಳದ ಲೆಕ್ಕವಲ್ಲ, ಚೆಂಡಿನ ಲೆಕ್ಕ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿ ಬಾಳೆಲೆಯಲ್ಲಿ ಸುತ್ತಿ ಕೊಡುತ್ತಾರೆ. ದಿನದಿನಕ್ಕೂ ದರ ಬೇರೆ, ಮದುವೆ ಹಂಗಾಮಿನಲ್ಲಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಇನ್ನೂ ಕೆಳಗೆ ಕೋಯಿಕ್ಕೋಡಿಗೆ ಹೋದರೆ ಮಿಠಾಯಿ ತೆರುವು ಎಂಬ ಬೀದಿಯಿದೆ. ಬಣ್ಣಬಣ್ಣದ ಹಲ್ವದ ಗಟ್ಟಿಗಳನ್ನು ಪೇರಿಸಿಟ್ಟು, ಕೇಳಿದ ಗಟ್ಟಿಯಿಂದ ಒಂದು ತೆಳು ಚೂರು ಕತ್ತರಿಸಿ ಕೈಗಿಡುತ್ತಾರೆ. ಬೆಲ್ಲ ಹಾಕಿದ ಕಪ್ಪು ಹಲ್ವ ನನಗೆ ಎಲ್ಲಕ್ಕಿಂತ ಇಷ್ಟ. ಜ್ಞಾನಪೀಠ ಪುರಸ್ಕೃತ ಎಸ್. ಕೆ. ಪೊಟ್ಟೆಕ್ಕಾಟ್ ಅವರು ಈ ಬೀದಿಯ ಜನರ ಬದುಕನ್ನೇ ಕಾದಂಬರಿ ಮಾಡಿದ್ದಾರೆ, ಅವರ ಪ್ರತಿಮೆ ಬೀದಿಯ ಬಾಯಲ್ಲೇ ನಿಂತಿದೆ. ಒಂದು ಪೇಟೆ ಬೀದಿಗೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ದೂರದ ಇಂಫಾಲದಲ್ಲಿ ಇಮಾ ಕೈಥೆಲ್ ಇದೆ, ತಾಯಂದಿರ ಮಾರುಕಟ್ಟೆ. ಅಲ್ಲಿ ಮಾರುವವರೆಲ್ಲ ಹೆಂಗಸರೇ. ಅಮ್ಮನ ಜಾಗ ಮಗಳಿಗೆ, ಅತ್ತೆಯ ಜಾಗ ಸೊಸೆಗೆ ಬರುತ್ತದೆ. ಬೇಯಿಸಿದರೆ ನೇರಳೆ ಬಣ್ಣಕ್ಕೆ ತಿರುಗುವ ಕಪ್ಪಕ್ಕಿ ಚಾಕ್‌ಹಾವೊ, ಒಣಮೀನು, ಸೊಪ್ಪು, ಉಡುವ ಫನೆಕ್, ಎಲ್ಲವೂ ಅವರ ಕೈಯಲ್ಲೇ. 1939ರಲ್ಲಿ ಊರಿಗೆ ಅಕ್ಕಿಯಿಲ್ಲದೆ ಬೆಲೆ ಏರುತ್ತಿರುವಾಗ ಅಕ್ಕಿ ಹೊರಗೆ ಸಾಗಿಸುವುದರ ವಿರುದ್ಧ ಬೀದಿಗಿಳಿದು ಬ್ರಿಟಿಷ್ ಆಡಳಿತವನ್ನು ನಡುಗಿಸಿದವರು ಮಣಿಪುರದ ಇಂಥ ಪೇಟೆಯ ಹೆಂಗಸರೇ. ಅಲ್ಲಿ ಒಂದು ಕಿಲೋ ಅಕ್ಕಿ ಕೊಳ್ಳುವವರು ಈ ಸಂಗತಿಯನ್ನು ತಿಳಿದುಕೊಂಡು ಕೊಂಡರೆ ಚೆನ್ನ.

ಕೊನೆಯದಾಗಿ ನಮ್ಮ ಹಿತ್ತಲಿನ ಸಂಕಟವೊಂದನ್ನು ಹೇಳಲೇಬೇಕು. 2023ರ ಮಾರ್ಚ್‌ನಲ್ಲಿ ಬೆಂಗಳೂರು ಮೈಸೂರು ನಡುವಿನ 118 ಕಿಲೋಮೀಟರ್ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಪ್ರಯಾಣದ ಹೊತ್ತು ಅರ್ಧಕ್ಕೆ ಇಳಿಯಿತು, ಒಳ್ಳೆಯದೇ. ಆದರೆ ಆ ದಾರಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಹಳೆಯ ರಸ್ತೆಯ ಎರಡೂ ಬದಿಗೆ ಬೊಂಬೆಯ ಅಂಗಡಿಗಳಿವೆ, ವಡೆಯ ಹೋಟೆಲುಗಳಿವೆ. ಅವೆಲ್ಲ ನಡೆಯುತ್ತಿದ್ದದ್ದು ದಾರಿಹೋಕರನ್ನೇ ನಂಬಿಕೊಂಡು. ಕಾರು ನಿಲ್ಲುತ್ತಿತ್ತು, ಮಕ್ಕಳು ಇಳಿದು ಓಡುತ್ತಿದ್ದರು, ಒಂದು ಬುಗುರಿಯೋ ಗಾಡಿಯೋ ಕೈಗೆ ಬರುತ್ತಿತ್ತು. ಈಗ ಕಾರುಗಳು ಬೇಲಿಯ ಆಚೆ ನೂರರ ವೇಗದಲ್ಲಿ ಹೋಗುತ್ತವೆ. ವ್ಯಾಪಾರ ಬಿದ್ದುಹೋಯಿತು ಎಂದು ಅಲ್ಲಿನವರು ಅಂದಿನಿಂದಲೂ ಹೇಳುತ್ತಲೇ ಇದ್ದಾರೆ.

ಚನ್ನಪಟ್ಟಣದ ಬೊಂಬೆ ಹೇಗೆ ಆಗುತ್ತದೆ ಎಂದು ಒಮ್ಮೆ ನಿಂತು ನೋಡಿದವರಿಗೆ ಆ ನಷ್ಟದ ಅಳತೆ ಗೊತ್ತಾಗುತ್ತದೆ. ಆಲೆ ಮರದ ತುಂಡು, ಹಾಲಿನ ಬಿಳುಪು, ನುಣುಪು. ಅದನ್ನು ಲೇತ್‌ಗೆ ಕಚ್ಚಿಸಿ ತಿರುಗಿಸುತ್ತಾ ಉಳಿ ಹಿಡಿದರೆ ಸುರುಳಿ ಸುರುಳಿ ಹೊಟ್ಟು ಹಾರುತ್ತದೆ, ನೋಡನೋಡುತ್ತ ತಲೆ, ಕತ್ತು, ಹೊಟ್ಟೆ ಮೂಡುತ್ತದೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಮರಕ್ಕೆ ಕೂರುತ್ತದೆ, ಕುಂಚ ಬೇಕಿಲ್ಲ. ಮೇಲೆ ಒಣಗಿದ ತಾಳೆಗರಿ ಒತ್ತಿ ತಿಕ್ಕಿದರೆ ಕನ್ನಡಿಯ ಹೊಳಪು. ಬಣ್ಣ ಅರಗಿನಲ್ಲೇ ಬೆರೆತಿರುವುದರಿಂದ ಮಗು ಬಾಯಿಗಿಟ್ಟರೂ ಸಿಪ್ಪೆ ಏಳುವುದಿಲ್ಲ. ಅದೇ ಅಂಗಡಿಯಲ್ಲಿ ಹೊರಗಿನಿಂದ ತರಿಸಿದ, ಪೇಂಟ್ ಬಳಿದ ಆಟಿಕೆಯೂ ಇರಬಹುದು. ‘ಇಲ್ಲೇ ಮಾಡಿದ್ದು ಯಾವುದು, ಅರಗಿನ ಬಣ್ಣದ್ದು ತೋರಿಸಿ ಅಣ್ಣ’ ಎಂದು ಬಾಯಿಬಿಟ್ಟು ಕೇಳಿ. ಸಂತೋಷದಿಂದ ಬೇರೆ ಮಾಡಿ ತೋರಿಸುತ್ತಾರೆ. ಅಂಗಡಿಯ ಫೋನ್ ನಂಬರ್ ಬರೆದುಕೊಂಡರೆ, ಮುಂದೆ ಯಾರದಾದರೂ ನಾಮಕರಣಕ್ಕೆ ಗಿಲಕಿ ಬೇಕೆಂದರೆ ಪಾರ್ಸೆಲ್ ಮಾಡಿ ಕಳಿಸುವವರೂ ಇದ್ದಾರೆ.

ಚನ್ನಪಟ್ಟಣದಲ್ಲಿ ರೈಲೂ ನಿಲ್ಲುತ್ತದೆ, ಕೆಂಪು ಬಸ್ಸೂ ನಿಲ್ಲುತ್ತದೆ. ಕಾರಿನಲ್ಲಿ ಹೋಗುವವರು ಹೋಗುವಾಗ ಬೇಕಾದರೆ ಎಕ್ಸ್‌ಪ್ರೆಸ್‌ವೇ ಹಿಡಿಯಿರಿ, ಬರುವಾಗ ಹಳೆಯ ರಸ್ತೆಯಲ್ಲಿ ಬನ್ನಿ. ಮದ್ದೂರಿನಲ್ಲಿ ವಡೆ, ಕಾಫಿ. ಅಲ್ಲಿಂದ ಚನ್ನಪಟ್ಟಣ ದೂರವೇನಿಲ್ಲ, ಸಂಜೆ ಅಂಗಡಿಗಳ ಬಾಗಿಲು ತೆರೆದೇ ಇರುತ್ತದೆ.